ಗಂಡ-ಹೆಂಡತಿ ಜೋಡಿಯಾಗಿ ಆಲ್ಪ್ಸ್ ದಾಟುವ ಸೈಕಲ್ ರೇಸ್

ಜೋಡಿ ರೇಸಿನಲ್ಲಿ ಗಡಿಯಾರ ನಿಲ್ಲುವುದು ಎರಡನೆಯವರು ಗೆರೆ ದಾಟಿದಾಗ. ಮೊದಲನೆಯವರು ಹತ್ತು ನಿಮಿಷ ಮುಂಚೆ ಬಂದು ನಿಂತರೆ ಉಪಯೋಗವಿಲ್ಲ, ಮೇಲಾಗಿ ದಂಡ ಬೀಳುತ್ತದೆ. ನಾವು ತುಳಿದ ಬೈಕ್ ಟ್ರಾನ್ಸ್‌ಆಲ್ಪ್ ಎಂಬ ಬೆಟ್ಟದ ಸೈಕಲ್ ರೇಸಿನಲ್ಲಿ ತಪಾಸಣಾ ಜಾಗಗಳಲ್ಲಿ ಜೋಡಿಯ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. 1998ರಲ್ಲಿ ಶುರುವಾದ ಈ ರೇಸ್ ಇಬ್ಬರ ತಂಡಗಳಿಂದಲೇ ಹೆಸರಾಯಿತು. ಜುಲೈ ತಿಂಗಳಲ್ಲಿ ಏಳು ದಿನ, ಏಳು ಹಂತ. ಆಲ್ಪ್ಸ್ ಪರ್ವತದ ಉತ್ತರ ಮಗ್ಗುಲಿಂದ ಹೊರಟು ಇಟಲಿಯ ಗಾರ್ಡಾ ಸರೋವರದ ಕಡೆಗೆ ಇಳಿಯುತ್ತದೆ. ದಾರಿ ವರ್ಷ ವರ್ಷ ಬದಲಾಗುತ್ತದೆ. ಐನೂರು ಕಿಲೋಮೀಟರ್ ಆಸುಪಾಸಿನ ದೂರ, ಒಟ್ಟು ಏರು 15,000 ಮೀಟರ್‌ಗೂ ಮಿಗಿಲು ಎಂದು ಲೆಕ್ಕ ಹಾಕಿಕೊಂಡೇ ತಯಾರಾಗಬೇಕು. ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿ ತುದಿಗೆ ಏರು ಸುಮಾರು 850 ಮೀಟರ್. ಅದನ್ನು ದಿನಕ್ಕೆ ಎರಡೂವರೆ ಸಲ, ಏಳು ದಿನ ಬಿಡದೆ ಹತ್ತಿದ ಹಾಗೆ.

ಒಬ್ಬ ಹೆಣ್ಣು, ಒಬ್ಬ ಗಂಡು ಇರುವ ತಂಡಕ್ಕೆ ಮಿಕ್ಸೆಡ್ ವಿಭಾಗ. ನಾವಿಬ್ಬರು ಮ್ಯೂನಿಕ್‌ನಲ್ಲಿ ಇರುವವರು, ಆ ವಿಭಾಗದಲ್ಲಿ ಹೆಸರು ಕೊಟ್ಟೆವು. ನನ್ನ ತೂಕ 58 ಕಿಲೋ, ಇವರದು 76. ಏರಿನಲ್ಲಿ ಇವರು ಗಟ್ಟಿ, ಬೇರು-ಕಲ್ಲಿನ ಇಳಿಜಾರಿನಲ್ಲಿ ನಾನು ವೇಗ. ಜೋಡಿಯ ಎಲ್ಲ ತೀರ್ಮಾನವೂ ಇಂಥ ವ್ಯತ್ಯಾಸದಿಂದಲೇ ಹುಟ್ಟಬೇಕು. ಗಟ್ಟಿ ಇರುವವರು ಇನ್ನಷ್ಟು ವೇಗವಾಗುವುದರಿಂದ ಒಂದು ಸೆಕೆಂಡೂ ಉಳಿಯುವುದಿಲ್ಲ. ಅವರ ಹೆಚ್ಚುವರಿ ಶಕ್ತಿಯನ್ನು ಇನ್ನೊಬ್ಬರಿಗೆ ಹೇಗೆ ದಾಟಿಸುವುದು ಎಂಬುದೊಂದೇ ಲೆಕ್ಕ.

ಮೊದಲು ಗೇರು. ಹೆಚ್ಚಿನ ಜೋಡಿಗಳು ಎಡವುವುದು ಇಲ್ಲೇ. ಅಂಗಡಿಯಲ್ಲಿ ಬಂದ ಹಾಗೆಯೇ ಇಬ್ಬರ ಸೈಕಲ್‌ಗೂ 32 ಅಥವಾ 34 ಹಲ್ಲಿನ ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲುಚಕ್ರ) ಬಿಟ್ಟುಬಿಡುತ್ತಾರೆ. ನಮ್ಮ ಲೆಕ್ಕ ಹೀಗಿತ್ತು: 29 ಇಂಚಿನ ಚಕ್ರದ ಸುತ್ತಳತೆ ಸುಮಾರು 2.3 ಮೀಟರ್, ಹಿಂದಿನ ದೊಡ್ಡ ಗೇರು 51 ಹಲ್ಲು. ಗಂಟೆಗೆ 600 ಮೀಟರ್ ಎತ್ತರ ಏರುವುದು ನನಗೆ ದಿನವಿಡೀ ತಾಳಬಲ್ಲ ವೇಗ. ಶೇ. 15ರ ಏರಿನಲ್ಲಿ ಅದು ಗಂಟೆಗೆ ನಾಲ್ಕು ಕಿಲೋಮೀಟರ್ ಮಾತ್ರ. 34 ಹಲ್ಲಿನ ರಿಂಗ್ ಇದ್ದರೆ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ 43 ಸುತ್ತು ತಿರುಗುತ್ತದೆ, 30 ಇದ್ದರೆ 49, 28 ಇದ್ದರೆ 53. ನಲವತ್ತರ ಆಸುಪಾಸಿನಲ್ಲಿ ಮೂರು ಗಂಟೆ ತುಳಿದರೆ ಮೂರನೆಯ ದಿನಕ್ಕೆ ಮಂಡಿ ಹಿಡಿಯುತ್ತದೆ. ಹಾಗಾಗಿ ನನಗೆ 28, ಇವರಿಗೆ 32. ಇವರ ರಿಂಗ್ ಯಾಕೆ 34 ಅಲ್ಲ ಎಂದು ಕೇಳಿದವರಿದ್ದಾರೆ. ಏರಿನಲ್ಲಿ ಇವರು ತುಳಿಯಬೇಕಾದದ್ದು ನನ್ನ ವೇಗಕ್ಕೆ. ಗಟ್ಟಿ ಸವಾರನಿಗೂ ನಿಧಾನದ ಗೇರು ಬೇಕು, ಇಲ್ಲದಿದ್ದರೆ ಕಡಿದಾದ ಕಡೆ ತೂಗಾಡಿ ಕಾಲು ಕೆಳಗಿಡಬೇಕಾಗುತ್ತದೆ.

28 ಹಾಕುವಾಗ ಎರಡು ವಿಷಯ ಗಮನಿಸಿ. ಪೆಡಲಿನ ತೋಳಾದ ಕ್ರ್ಯಾಂಕ್ ಎಲ್ಲದಕ್ಕೂ ಆ ಅಳತೆಯ ರಿಂಗ್ ಸಿಗುವುದಿಲ್ಲ. ಸಿಕ್ಕರೆ, ಚೈನನ್ನು ಹೊಸದಾಗಿ ಅಳೆದು ಕೊಂಡಿ ತೆಗೆಯಬೇಕು. ಮುಂದೆ-ಹಿಂದೆ ಎರಡೂ ಕಡೆ ಶಾಕ್ ಇರುವ ಫುಲ್ ಸಸ್ಪೆನ್ಷನ್ ಸೈಕಲ್ಲಾದರೆ ಹಿಂದಿನ ಶಾಕ್‌ನ ಗಾಳಿ ಬಿಟ್ಟು ಪೂರ್ತಿ ಅದುಮಿ ಅಳೆಯಬೇಕು. ಅದುಮದೆ ಅಳೆದರೆ ಮೊದಲ ದೊಡ್ಡ ಗುಂಡಿಯಲ್ಲೇ ಗೇರು ಬದಲಿಸುವ ಡಿರೈಲರ್ ಮೇಲೆ ಎಳೆತ ಬಂದು ಮುರಿಯಬಹುದು.

ರಿಂಗ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಎರಡೂ ಸೈಕಲ್‌ಗೆ ಒಂದೇ ಆಗಿರಲಿ ಎಂದು ಮೊದಲೇ ಹಟ ಹಿಡಿದೆವು. ಒಂದೇ ಬ್ರೇಕ್, ಒಂದೇ ಆಕಾರದ ಪ್ಯಾಡ್, 12 ಸ್ಪೀಡಿನ ಒಂದೇ ಬಗೆಯ ಚೈನ್, ಡಿರೈಲರನ್ನು ಸೈಕಲ್ಲಿಗೆ ತಗುಲಿಸುವ, ಎರಡಕ್ಕೂ ಹೊಂದುವ ಯುಡಿಎಚ್ ಹ್ಯಾಂಗರ್, ಒಂದೇ ಅಳತೆಯ ಟೈರ್. ಆಗ ಬಿಡಿಭಾಗಗಳ ಒಂದು ಗಂಟು ಇಬ್ಬರಿಗೂ ಸಾಕಾಗುತ್ತದೆ. ನಾವು ದಾರಿಯಲ್ಲಿ ಒಯ್ದದ್ದು: ಚೈನ್ ಕತ್ತರಿ ಇರುವ ಮಲ್ಟಿಟೂಲ್, ಚೈನ್ ಜೋಡಿಸುವ ಕ್ವಿಕ್ ಲಿಂಕ್ ಎರಡು, ಹ್ಯಾಂಗರ್ ಒಂದು, ಬ್ರೇಕ್ ಪ್ಯಾಡ್ ಎರಡು ಜೊತೆ, ಟೈರ್ ತೂತಿಗೆ ಪ್ಲಗ್ ಆರು, ನಲವತ್ತು-ಐವತ್ತು ಗ್ರಾಂ ತೂಗುವ ತೆಳು ಪ್ಲಾಸ್ಟಿಕ್ಕಿನ ಟಿಪಿಯು ಟ್ಯೂಬ್ ಎರಡು, ಕೈಪಂಪ್ ಒಂದು, ಗ್ಯಾಸ್ ಕ್ಯಾನಿಸ್ಟರ್ ಎರಡು, ಹರಿದ ಟೈರಿಗೆ ಒಳಗಿಂದ ಕೊಡಲು ಹಳೆಯ ಟೈರಿನ ತುಂಡೊಂದು, ನಾಲ್ಕು ಜಿಪ್ ಟೈ. ಯುಡಿಎಚ್ ಹ್ಯಾಂಗರ್ ಬೋಲ್ಟಿಗೆ 8 ಎಂಎಂ ಅಲೆನ್ ಕೀ ಬೇಕು, ಸಣ್ಣ ಮಲ್ಟಿಟೂಲ್‌ಗಳಲ್ಲಿ ಅದು ಇರುವುದಿಲ್ಲ. ಆ ಬೋಲ್ಟಿನ ತಿರುಪು ಉಲ್ಟಾ: ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಬೆಟ್ಟದ ಮೇಲೆ ಕೂತು ಬೋಲ್ಟಿನ ತಲೆಯನ್ನೇ ಸವೆಸಿಬಿಡಬಹುದು.

ಈ ಗಂಟೆಲ್ಲ ಇವರ ಚೀಲದಲ್ಲಿ. ನನ್ನ ಮಳೆ ಕೋಟು, ಹೆಚ್ಚುವರಿ ನೀರಿನ ಅರ್ಧ ಭಾಗ ಕೂಡ ಇವರದೇ ಪಾಲು. ಇದು ಮಮತೆಯ ಮಾತಲ್ಲ, ಲೆಕ್ಕದ್ದು. ಗಂಟೆಗೆ 600 ಮೀಟರ್ ಏರುವಾಗ ಒಂದು ಕಿಲೋ ಭಾರಕ್ಕೆ ಸುಮಾರು 1.6 ವಾಟ್ ಖರ್ಚು. ನಾನು ಆ ವೇಗಕ್ಕೆ ಹಾಕುವುದು 135-140 ವಾಟ್. ಒಂದೂವರೆ ಕಿಲೋ ನನ್ನ ಬೆನ್ನಿಂದ ಇಳಿದರೆ ಶೇ. 2ರಷ್ಟು ಹಗುರ, ಮೂರು ಗಂಟೆಯ ಏರಿನಲ್ಲಿ ಮೂರು ನಿಮಿಷ ಉಳಿತಾಯ. ಭಾರ ಹೊರುವವರಿಗೆ ಶಕ್ತಿ ಮಿಗುವುದರಿಂದ ತಂಡಕ್ಕೆ ನಷ್ಟವಿಲ್ಲ. ಒಂದು ಎಚ್ಚರಿಕೆ: ಪ್ಲಗ್ ಮತ್ತು ಒಂದು ಕ್ಯಾನಿಸ್ಟರ್ ಮಾತ್ರ ಇಬ್ಬರ ಹತ್ತಿರವೂ ಇರಲಿ. ಇಳಿಜಾರಿನಲ್ಲಿ ಮುಂದಿರುವವರಿಗೆ ಪಂಕ್ಚರ್ ಆದರೆ, ಹಿಂದಿನವರು ಬರುವಷ್ಟರಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು.

ಟೈರ್ ಒತ್ತಡ ತೂಕಕ್ಕೆ ತಕ್ಕಂತೆ. 2.35 ಇಂಚಿನ ಟ್ಯೂಬ್‌ಲೆಸ್ ಟೈರಿನಲ್ಲಿ ನನಗೆ ಮುಂದೆ 1.3 ಬಾರ್, ಹಿಂದೆ 1.4. ಇವರಿಗೆ 1.5 ಮತ್ತು 1.7. ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್, ಒಂದೊಂದಕ್ಕೆ 100 ಮಿಲಿ, ರೇಸಿಗೆ ಒಂದು ವಾರ ಮೊದಲು ಹೊಸದಾಗಿ ಹಾಕಿದ್ದು. ಬೇಸಿಗೆಯಲ್ಲಿ ಅದು ಬೇಗ ಒಣಗುತ್ತದೆ. ಏಪ್ರಿಲ್‌ನಲ್ಲಿ ಹಾಕಿದ್ದನ್ನು ನಂಬಿ ಜುಲೈನಲ್ಲಿ ಹೊರಟರೆ ಒಳಗೆ ಬರೀ ರಬ್ಬರ್ ಉಂಡೆ ಇರುತ್ತದೆ. ಕ್ಯಾನಿಸ್ಟರಿನ ತಣ್ಣನೆಯ ಅನಿಲ ತಾಗಿದರೆ ಕೆಲವು ಲ್ಯಾಟೆಕ್ಸ್ ಸೀಲೆಂಟ್‌ಗಳು ಹಾಲು ಒಡೆದ ಹಾಗೆ ಗಟ್ಟಿಯಾಗುತ್ತವೆ. ಅದಕ್ಕೇ ಗ್ಯಾಸ್ ಹಾಕುವಾಗ ವಾಲ್ವ್ ಮೇಲ್ಗಡೆ ಇರಬೇಕು.

ತಾಲೀಮು ಇಪ್ಪತ್ತು ವಾರ. ಒಟ್ಟಿಗೆ ತುಳಿಯುವ ಆಸೆಗೆ ದಿನಾ ಜೊತೆಯಲ್ಲೇ ಹೊರಟರೆ ಇಬ್ಬರಿಗೂ ಮೋಸ: ಒಬ್ಬರಿಗೆ ಯಾವಾಗಲೂ ಹೆಚ್ಚು, ಇನ್ನೊಬ್ಬರಿಗೆ ಯಾವಾಗಲೂ ಕಡಿಮೆ. ವಾರದ ದಿನಗಳಲ್ಲಿ ಒಬ್ಬೊಬ್ಬರೇ. ಶನಿವಾರ ಒಂದೇ ಬೆಟ್ಟ, ಆದರೆ ಇವರು ತುದಿ ಮುಟ್ಟಿ ತಿರುಗಿ ನನ್ನ ತನಕ ಇಳಿದು ಮತ್ತೆ ಹತ್ತುತ್ತಿದ್ದರು. ನಾನು 1,200 ಮೀಟರ್ ಏರಿದ ದಿನ ಇವರಿಗೆ 1,700 ಆಗುತ್ತಿತ್ತು. ಭಾನುವಾರ ಮಾತ್ರ ರೇಸಿನ ಹಾಗೆ ಪೂರ್ತಿ ಜೊತೆ: ಅದೇ ಚೀಲ, ಅದೇ ತಿಂಡಿ, ಅದೇ ಅಂತರ. ಮೇ ಮತ್ತು ಜೂನ್‌ನಲ್ಲಿ ಎರಡು ಸಲ ನಾಲ್ಕು ದಿನ ಬಿಡದೆ ತುಳಿದೆವು. ಒಂದು ದಿನದ ದೊಡ್ಡ ಸವಾರಿಯಲ್ಲಿ ಕಾಣದ ತೊಂದರೆಗಳು, ಅಂಗೈ ಜೋಮು, ಸೀಟಿನ ಗಾಯ, ಮೂರನೆಯ ಬೆಳಗ್ಗೆ ಗಂಟಲಲ್ಲಿ ಇಳಿಯದ ಗಂಜಿ, ಎಲ್ಲ ಅಲ್ಲೇ ಹೊರಬಿದ್ದವು.

ಜೂನ್‌ನ ಸವಾರಿಗೆ ಎರಡು ಜಾಗ ಬೇಕೆಂದೇ ಆರಿಸಿದೆವು. ಒಂದು, ಸ್ವಿಟ್ಜರ್ಲೆಂಡಿನ ಊಯಿನಾ ಕಮರಿ. 1908ರಿಂದ 1910ರ ನಡುವೆ ಬಂಡೆಯ ಗೋಡೆಯಲ್ಲಿ ಕೊರೆದ ಕಾಲುದಾರಿ. ಅಲ್ಲಿ ಸೈಕಲ್ ತುಳಿಯುವಂತಿಲ್ಲ, ತಳ್ಳಬೇಕು. ಬಂಡೆಯ ಕಡೆ ನಾವು, ಪ್ರಪಾತದ ಕಡೆ ಸೈಕಲ್. ರೇಸ್‌ಗಳಲ್ಲಿ ಇಂಥ ತಳ್ಳುವ ತುಣುಕುಗಳು ಬರುತ್ತವೆ, ಅವನ್ನು ಯಾರೂ ತಾಲೀಮು ಮಾಡುವುದಿಲ್ಲ. ಗಟ್ಟಿ ಕಾರ್ಬನ್ ಅಟ್ಟೆಯ ಶೂ ಕಲ್ಲಿನ ಮೇಲೆ ಜಾರುತ್ತದೆ, ರಬ್ಬರ್ ಅಟ್ಟೆಯದು ಸ್ವಲ್ಪ ಭಾರವಾದರೂ ಅದೇ ಸರಿ ಎಂದು ಅಲ್ಲೇ ತೀರ್ಮಾನವಾಯಿತು. ಗಟ್ಟಿ ಇರುವವರು ತಮ್ಮ ಸೈಕಲನ್ನು ಮೇಲಕ್ಕೆ ಒಯ್ದಿಟ್ಟು ಬಂದು ಇನ್ನೊಬ್ಬರದನ್ನೂ ಹೊರಬಹುದೇ ಎಂದೂ ಅಳೆದು ನೋಡಿದೆವು. ಹಾಗೆ ಮಾಡುವವರು ಅದೇ ದೂರವನ್ನು ಮೂರು ಸಲ ನಡೆಯುತ್ತಾರೆ. ಹತ್ತು-ಹದಿನೈದು ಮೆಟ್ಟಿಲಿನ ಅಡ್ಡಿಗೆ ಅದು ಲಾಭ, ನೂರು ಮೀಟರ್ ದಾಟಿದರೆ ನಷ್ಟ.

ಇನ್ನೊಂದು, ಟ್ರೆಮಾಲ್ಜೊ. ಮೊದಲ ಮಹಾಯುದ್ಧದ ಕಾಲದ ಸೇನಾ ರಸ್ತೆ, 1,800 ಮೀಟರ್ ಮೀರಿದ ಎತ್ತರದ ಸುರಂಗದಿಂದ ಹೊರಟು ಸಮುದ್ರ ಮಟ್ಟದಿಂದ ಬರೀ 65 ಮೀಟರ್ ಮೇಲಿರುವ ಗಾರ್ಡಾ ಸರೋವರದ ದಂಡೆಗೆ ಇಳಿಯಬಹುದು. ಪೂರ್ತಿ ಸಡಿಲ ಜಲ್ಲಿ. ಬ್ರೇಕ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ನಮಗೆ ಗೊತ್ತಿಲ್ಲ. ಅರ್ಧ ದಾರಿಯಲ್ಲಿ ಇವರ ಹಿಂದಿನ ಬ್ರೇಕ್ ಕಿರುಚತೊಡಗಿತು, ಹಿಡಿತ ಹೋಯಿತು. ಬಿಚ್ಚಿ ನೋಡಿದರೆ ರೆಸಿನ್ ಪ್ಯಾಡಿನ ಮೈ ಗಾಜಿನಂತೆ ಹೊಳೆಯುತ್ತಿತ್ತು. ಕಾರಣ ಎರಡು: 160 ಎಂಎಂ ರೋಟರ್ (ಪ್ಯಾಡ್ ಹಿಡಿಯುವ ಲೋಹದ ತಟ್ಟೆ) ಆ ತೂಕಕ್ಕೆ ಚಿಕ್ಕದು, ಮತ್ತು ಬೆರಳನ್ನು ಸದಾ ಹಗುರವಾಗಿ ಎಳೆದೇ ಇಟ್ಟುಕೊಳ್ಳುವ ಅಭ್ಯಾಸ. ತಿರುವಿಗೆ ಮುಂಚೆ ಗಟ್ಟಿಯಾಗಿ, ಕ್ಷಣಕಾಲ ಹಿಡಿದು ಪೂರ್ತಿ ಬಿಟ್ಟುಬಿಟ್ಟರೆ ರೋಟರ್ ಆರಲು ಸಮಯ ಸಿಗುತ್ತದೆ. ಇವರ ಸೈಕಲ್‌ಗೆ ಹಿಂದೆ 180, ಮುಂದೆ 203 ಹಾಕಿಸಿ, ಇಬ್ಬರಿಗೂ ಮೆಟಲ್ ಪ್ಯಾಡ್ ಕೊಂಡೆವು. ಕೆಲವು ರೋಟರ್‌ಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೊರೆದಿರುತ್ತದೆ, ಅವಕ್ಕೆ ಮೆಟಲ್ ಹಾಕಬಾರದು.

ತಿಂಡಿ-ನೀರಿನದು ದೊಡ್ಡ ವಿಷಯ. ಗಂಟೆಗೆ ನನಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಇವರಿಗೆ 80. ಬಾಟಲಿಗೆ ನಾವೇ ಬೆರೆಸಿದ್ದು: 750 ಮಿಲಿ ನೀರಿಗೆ 40 ಗ್ರಾಂ ಮಾಲ್ಟೊಡೆಕ್ಸ್‌ಟ್ರಿನ್, 20 ಗ್ರಾಂ ಫ್ರಕ್ಟೋಸ್, ಒಂದು ಗ್ರಾಂ ಉಪ್ಪು, ಅರ್ಧ ನಿಂಬೆ. ಎರಡು ಬಗೆಯ ಸಕ್ಕರೆ ಯಾಕೆಂದರೆ ಕರುಳಿನಲ್ಲಿ ಅವೆರಡಕ್ಕೂ ಬೇರೆ ಬೇರೆ ಬಾಗಿಲು; ಒಂದೇ ಬಗೆಯದಾದರೆ ಗಂಟೆಗೆ 60 ಗ್ರಾಂ ಆದಮೇಲೆ ಹೀರಿಕೊಳ್ಳದೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಊರಲ್ಲಿ ತಾಲೀಮು ಮಾಡುವವರು ಬೆಲ್ಲ, ನಿಂಬೆ, ಉಪ್ಪಿನ ಪಾನಕವನ್ನೇ ಅಳತೆ ಮಾಡಿ ಕುಡಿಯಬಹುದು, ಬೆಲ್ಲದಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಇವೆ. ಸೆಖೆಯ ದಿನ ಶಕ್ತಿ ಬೇಕೆಂದು ಅದೇ ನೀರಿಗೆ ಎರಡು ಪಟ್ಟು ಪುಡಿ ಹಾಕಿದರೆ ಹೊಟ್ಟೆ ತೊಳಸುತ್ತದೆ. ಸೆಖೆಗೆ ಹೆಚ್ಚಿಸಬೇಕಾದದ್ದು ನೀರು ಮತ್ತು ಉಪ್ಪು. ಕಡಲೆಬೀಜದ ಚಿಕ್ಕಿ ರುಚಿಯೇ, ಆದರೆ ಕೊಬ್ಬು ಹೆಚ್ಚು, ಕಡಿದಾದ ಏರಿನಲ್ಲಿ ಅರಗುವುದಿಲ್ಲ. ಅದನ್ನು ಸಂಜೆಗೆ ಇಟ್ಟುಕೊಂಡೆವು.

ರೇಸಿನ ಮೂರನೆಯ ದಿನ ನಾನು ಕುಸಿದದ್ದು ತಿನ್ನದೇ. ಬೇರುಗಳ ಕಾಡುದಾರಿಯಲ್ಲಿ ಹ್ಯಾಂಡಲ್‌ನಿಂದ ಕೈ ತೆಗೆಯಲಾಗಲಿಲ್ಲ, ಅದಾದ ಕೂಡಲೇ ಏರು ಬಂತು, ಐವತ್ತು ನಿಮಿಷ ಹೊಟ್ಟೆಗೆ ಏನೂ ಬೀಳಲಿಲ್ಲ. ಕಾಲು ತಣ್ಣಗಾಗಿ ಹೃದಯ ಬಡಿತ ಮೇಲೇರುವುದನ್ನೇ ಬಿಟ್ಟಿತು. ಇಪ್ಪತ್ತು ನಿಮಿಷ ಹೋಯಿತು. ಅಂದಿನಿಂದ ಪ್ರತಿ ಏರಿನ ತುದಿಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ತಿನ್ನುವ ಪದ್ಧತಿ ಮಾಡಿಕೊಂಡೆವು. ಇವರು ಪೊಟ್ಟಣ ಹರಿದು ಕೈಗೆ ಕೊಡುತ್ತಿದ್ದರು, ನಾನು ತಿಂದಾದ ಮೇಲೆ "ಆಯ್ತು" ಎನ್ನಬೇಕು. ಹೇಳುವ ತನಕ ಅವರು ಬಿಡುತ್ತಿರಲಿಲ್ಲ.

ಮಾತಿನ ವಿಷಯವೂ ಹೀಗೇ. ಏದುಸಿರಿನಲ್ಲಿ ಉದ್ದ ಮಾತು ಆಗದು, ಆಡಿದರೆ ಜಗಳದ ಹಾಗೆ ಕೇಳುತ್ತದೆ. ನಾಲ್ಕು ಪದ ಗೊತ್ತು ಮಾಡಿಕೊಂಡಿದ್ದೆವು. "ಇದ್ದೀನಿ" ಎಂದರೆ ನಿಮ್ಮ ಚಕ್ರದ ಹಿಂದೆಯೇ ಇದ್ದೇನೆ. "ಸಾಕು" ಎಂದರೆ ವೇಗ ಇಳಿಸಿ. "ತಳ್ಳಿ" ಎಂದರೆ ತಳ್ಳಿ. "ಬಿಡಿ" ಎಂದರೆ ಕೈ ತೆಗೆಯಿರಿ. "ಆಗ್ತಿದೆಯಾ?" ಎಂಬ ಪ್ರಶ್ನೆ ನಿಷಿದ್ಧ. ಆಗದಿದ್ದರೂ ಆಗುತ್ತಿದೆ ಎಂದೇ ಉತ್ತರ ಬರುವುದರಿಂದ ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ನನ್ನ ಹೃದಯ ಬಡಿತದ ಸಂಖ್ಯೆ ಇವರ ಹ್ಯಾಂಡಲ್ ಮೇಲಿನ ಪರದೆಯಲ್ಲಿ ಕಾಣುವಂತೆ ಜೋಡಿಸಿದ್ದೆವು: ಏರಿನಲ್ಲಿ 162 ದಾಟಿದರೆ ಇವರು ತಾವಾಗಿ ನಿಧಾನ. ಮೊದಲ ದಿನ ಬಂದೂಕು ಹಾರಿದಾಗ ಎಲ್ಲರೂ ಡಾಂಬರು ರಸ್ತೆಯಲ್ಲಿ ನುಗ್ಗುತ್ತಾರೆ. ಆಗ ಈ ಸಂಖ್ಯೆಯೊಂದೇ ನಮ್ಮನ್ನು ಹಿಡಿದು ನಿಲ್ಲಿಸಿತು. ಹಾಗೆ ನುಗ್ಗಿದವರಲ್ಲಿ ಎಷ್ಟೋ ಜೋಡಿಗಳನ್ನು ಎರಡನೆಯ ಏರಿನ ನಡುವೆ ದಾಟಿದೆವು.

ಗಟ್ಟಿ ಸವಾರನ ಶಕ್ತಿ ನಿಜವಾಗಿ ದಾಟುವುದು ಎರಡು ಕಡೆ. ಮೊದಲನೆಯದು ಕಣಿವೆಯ ಸಮತಟ್ಟು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಮುಂದಿನವರ ಚಕ್ರದಿಂದ ಅರ್ಧ ಮೀಟರ್ ಹಿಂದೆ ಅಂಟಿಕೊಂಡರೆ ಶ್ರಮದಲ್ಲಿ ಕಾಲು ಭಾಗ ಉಳಿಯುತ್ತದೆ. ಗಂಟೆಗೆ ಐದು ಕಿಲೋಮೀಟರ್ ಏರುವಾಗ ಈ ಲಾಭ ಸೊನ್ನೆ, ಅಲ್ಲಿ ಹಿಂದೆ ಅಂಟಿಕೊಂಡರೆ ಮುಂದಿನವರು ಕಾಲಿಟ್ಟಾಗ ನೀವೂ ನಿಲ್ಲಬೇಕಾಗುತ್ತದೆ ಅಷ್ಟೇ. ಸಮತಟ್ಟಿನಲ್ಲಿ ಮುಂದಿರುವವರು ಮಾಡುವ ತಪ್ಪು ಒಂದೇ: ತಿರುವು ದಾಟಿದ ಕೂಡಲೇ ಜೋರು ಮಾಡುವುದು. ಅವರು ವೇಗ ಹಿಡಿದಾಗ ಹಿಂದಿನವರು ಇನ್ನೂ ತಿರುವಿನಲ್ಲಿರುತ್ತಾರೆ, ಹತ್ತು ಮೀಟರ್ ಬಿರುಕು ಬೀಳುತ್ತದೆ, ಅದನ್ನು ಮುಚ್ಚಲು ಉಳಿಸಿದ್ದೆಲ್ಲ ಖರ್ಚಾಗುತ್ತದೆ. ತಿರುವಾದ ಮೇಲೆ ಮನಸ್ಸಿನಲ್ಲಿ ಐದು ಎಣಿಸಿ ತುಳಿಯಬೇಕು.

ಎರಡನೆಯದು ಕೈಯಿಂದ ತಳ್ಳುವುದು. ಶೇ. 4ರಿಂದ 8ರ ಅಗಲವಾದ ಕಾಡು ರಸ್ತೆಯಲ್ಲಿ ಇದು ಸಲೀಸು. ಅಂಗೈ ಸೊಂಟದ ಕೆಳಗೆ, ಬೆನ್ನುಮೂಳೆಯ ಬುಡಕ್ಕೆ ಇರಬೇಕು. ಭುಜಕ್ಕೆ ಇಟ್ಟರೆ ಹ್ಯಾಂಡಲ್ ಅಲುಗುತ್ತದೆ. ತಳ್ಳುವವರು ಒಂದು ಗೇರು ಗಟ್ಟಿ ಹಾಕಿಕೊಂಡು, ಮೊಣಕೈ ಮಡಿಸದೆ, ಒಂದೇ ಸಮ ಒತ್ತಬೇಕು. ತಳ್ಳಿಸಿಕೊಳ್ಳುವವರು ತುಳಿಯುವುದನ್ನು ನಿಲ್ಲಿಸಬಾರದು. ಎರಡು ನಿಮಿಷ ತಳ್ಳು, ಮೂರು ನಿಮಿಷ ಬಿಡು, ಹೀಗೆ. ಶೇ. 10 ದಾಟಿದರೆ ಇಬ್ಬರೂ ವಾಲುತ್ತೀರಿ, ಬೇಡ. ಎಲಾಸ್ಟಿಕ್ ಹಗ್ಗ ಕಟ್ಟಿ ಎಳೆಯುವವರೂ ಇದ್ದಾರೆ. ಅದಕ್ಕೆ ಎಲ್ಲ ರೇಸ್‌ಗಳೂ ಒಪ್ಪುವುದಿಲ್ಲ, ಹೆಸರು ಕೊಟ್ಟ ರೇಸಿನ ನಿಯಮ ಓದಿಯೇ ಕಟ್ಟಿ.

ನಾಲ್ಕನೆಯ ದಿನ ಮಧ್ಯಾಹ್ನ ಗುಡುಗು-ಮಳೆ. ಆಲ್ಪ್ಸ್‌ನ ಬೇಸಿಗೆಯಲ್ಲಿ ಮಧ್ಯಾಹ್ನದ ಮೋಡವನ್ನು ನಂಬುವಂತಿಲ್ಲ. 2,500 ಮೀಟರ್ ಮೇಲೆ ಹತ್ತು ನಿಮಿಷದಲ್ಲಿ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಬರುವುದಿಲ್ಲ. ಕೋಟನ್ನು ತುದಿಯಲ್ಲಿ, ಒದ್ದೆಯಾಗುವ ಮುಂಚೆ ಹಾಕಿಕೊಳ್ಳಬೇಕು. ಮರಳು ಬೆರೆತ ನೀರು ಪ್ಯಾಡನ್ನು ಉಜ್ಜುಗಲ್ಲಿನಂತೆ ತಿನ್ನುತ್ತದೆ. ರೆಸಿನ್ ಪ್ಯಾಡ್ ಹಾಕಿದ್ದ ಕೆಲವರು ಒಂದೇ ಇಳಿಜಾರಿನಲ್ಲಿ ಲೋಹದ ತಗಡು ತನಕ ಸವೆಸಿ ನಡೆದು ಇಳಿದರು. ನಮ್ಮ ಮೆಟಲ್ ಪ್ಯಾಡ್ ಉಳಿದರೂ ಅಂದು ರಾತ್ರಿ ಬದಲಿಸಿದೆವು. ಹಳೆಯ ಪ್ಯಾಡ್ ಒಳಗಿರುವಾಗಲೇ ಟೈರ್ ಲಿವರ್‌ನಿಂದ ಪಿಸ್ಟನ್ ಹಿಂದಕ್ಕೆ ಒತ್ತಿ, ಆಮೇಲೆ ತೆಗೆದು ಹೊಸದು ಹಾಕಬೇಕು. ಬರಿಯ ಪಿಸ್ಟನ್ ಮೇಲೆ ಒತ್ತಿದರೆ ಅದು ಬಿರುಕು ಬಿಡಬಹುದು. ಹೊಸ ಪ್ಯಾಡ್ ಕೂರಲು ಇಪ್ಪತ್ತು ಸಲ ವೇಗದಿಂದ ನಡಿಗೆಯ ವೇಗಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಬಾರದು.

ಅದೇ ಕೆಸರಿನಲ್ಲಿ ನಾನು ಬಲಕ್ಕೆ ಬಿದ್ದೆ. ಬಲಕ್ಕೆ ಬಿದ್ದರೆ ಎದ್ದು ಮೊದಲು ನೋಡಬೇಕಾದದ್ದು ಹ್ಯಾಂಗರ್: ಹಿಂದೆ ನಿಂತು ನೋಡಿದಾಗ ಡಿರೈಲರ್ ಪಂಜರ ಗೇರುಗಳಿಗೆ ಸಮಾನಾಂತರವಾಗಿ ಇದೆಯೇ? ಒಳಕ್ಕೆ ಬಾಗಿದ್ದರೆ ದೊಡ್ಡ ಗೇರಿಗೆ ಹಾಕಲೇಬೇಡಿ, ಡಿರೈಲರ್ ಕಡ್ಡಿಗಳಿಗೆ ಸಿಕ್ಕಿ ಚಕ್ರ ಸಮೇತ ಹೋಗುತ್ತದೆ. ನನ್ನದು ಬಾಗಿತ್ತು, ಬದಲಿಸಲು ಒಂಬತ್ತು ನಿಮಿಷ ಹಿಡಿಯಿತು. ಇವರು ಬಿಚ್ಚುವಾಗ ನಾನು ಇಬ್ಬರ ಬಾಟಲಿ ತುಂಬಿಸಿ ತಿಂದು ಮುಗಿಸಿದೆ. ದುರಸ್ತಿಯಲ್ಲಿ ಇಬ್ಬರೂ ಒಂದೇ ಬೋಲ್ಟಿಗೆ ಕೈ ಹಾಕಿದರೆ ಸಮಯ ಹೆಚ್ಚೇ ಬೇಕು. ಕೆಲಸ ಮೊದಲೇ ಹಂಚಿರಲಿ.

ಸಂಜೆಯ ಕ್ರಮ ದಿನವೂ ಒಂದೇ. ಬಂದ ಅರ್ಧ ಗಂಟೆಯೊಳಗೆ ಊಟ. ಸೈಕಲ್ ತೊಳೆದು, ಒರೆಸಿ, ಚೈನಿಗೆ ಎಣ್ಣೆ ರಾತ್ರಿಯೇ. ಬೆಳಗ್ಗೆ ಹಾಕಿದರೆ ಕೊಂಡಿಯೊಳಗೆ ಇಳಿಯುವ ಮುಂಚೆ ಧೂಳು ಹಿಡಿಯುತ್ತದೆ. ಸವಾರಿಯ ಚಡ್ಡಿ ಮೂರು ಜೊತೆ, ಒಗೆದು ಪೂರ್ತಿ ಒಣಗಿದ್ದೇ ಹಾಕಬೇಕು. ರೇಸಿನ ರಾತ್ರಿಗಳಲ್ಲಿ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ಸಾಲಾಗಿ ಮಲಗುವವರಿಗೆ ಕಿವಿಯ ಹತ್ತಿ ಮರೆಯಬಾರದ ವಸ್ತು. ಅಂದಿನ ತಪ್ಪುಗಳ ಮಾತು ಊಟವಾದ ಮೇಲೆ ಮಾತ್ರ, ಹಸಿದಾಗ ಒಂದಕ್ಷರವೂ ಇಲ್ಲ ಎಂದು ಮಾಡಿಕೊಂಡಿದ್ದೆವು. ಎಂಟು ಗಂಟೆಗೆ ಕೂತು ಹತ್ತು ನಿಮಿಷದಲ್ಲಿ ನಾಳೆಯ ಏರುಗಳು, ನೀರು ಸಿಗುವ ಜಾಗಗಳನ್ನು ಸಣ್ಣ ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸಿದರೆ ಮುಗಿಯಿತು.

ಕೊನೆಯ ದಿನ ಇಳಿಜಾರೆಲ್ಲ ಮುಗಿದ ಮೇಲೆ ಗಾರ್ಡಾದ ಗಾಳಿ ಎದುರಾಗುತ್ತದೆ. ಓರಾ ಎಂದು ಅದರ ಹೆಸರು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಸರೋವರದಿಂದ ಎದ್ದು ಉತ್ತರಕ್ಕೆ ಬೀಸುತ್ತದೆ, ನಾವು ದಕ್ಷಿಣಕ್ಕೆ ಹೋಗುತ್ತಿರುತ್ತೇವೆ. ಕಣಿವೆಯ ಸಮತಟ್ಟಿನಲ್ಲಿ ಇನ್ನೊಂದು ಜೋಡಿಯನ್ನು ಸೇರಿಕೊಂಡು ನಾಲ್ವರೂ ಸಾಲಾಗಿ ತುಳಿದೆವು. ಅಲ್ಲಿ ಒಬ್ಬಂಟಿ ಜೋಡಿಯಾಗಿ ಉಳಿಯದಂತೆ, ಕೊನೆಯ ಇಳಿಜಾರಿನ ಬುಡದಲ್ಲಿ ಒಂದು ನಿಮಿಷ ಕಾದರೂ ನಷ್ಟವಿಲ್ಲ.

ವಾಪಸಾಗಲು ಗಾರ್ಡಾ ದಂಡೆಯ ರೀವಾ ಊರಿನಿಂದ ರೊವೆರೆತೊ ರೈಲು ನಿಲ್ದಾಣದ ತನಕ ಸೈಕಲ್ ದಾರಿಯಿದೆ, ಸುಮಾರು ಇಪ್ಪತ್ತೈದು ಕಿಲೋಮೀಟರ್. ಅಲ್ಲಿಂದ ಬ್ರೆನ್ನರ್ ಘಾಟಿಯ ಮೂಲಕ ಮ್ಯೂನಿಕ್‌ಗೆ ರೈಲು. ಸೈಕಲ್‌ಗಳಿಗೆ ಜಾಗ ಕೆಲವೇ ಇರುವುದರಿಂದ, ಎರಡು ಸೈಕಲ್‌ಗೂ ಸೇರಿಸಿ ಟಿಕೆಟನ್ನು ರೇಸಿಗೆ ಹೆಸರು ಕೊಟ್ಟ ಮೇಲೆ ತಡಮಾಡದೆ ಕಾದಿರಿಸಿಬಿಡಿ.